ನಾಲ್ಕನೇ ಚೇಂಬರ್ ಸರಿ ಐತಿ

"ಅಲ್ಲೇ ನಿಂದರ್ರಿ! ಒಂದ ಹೆಜ್ಜಿ ಮುಂದ ಇಟ್ರ ನೋಡ್ರಿ ಮತ್ತ..."

ಕೋಲ್ಡ್ ಸ್ಟೋರೇಜಿನ ಗೇಟಿನ ಸರಪಳಿ ಹಿಡಿದು ನಿಂತಿದ್ದ ಅರುಣಾಳ ದನಿಗೆ, ಬೆನ್ನ ಮೇಲೆ ಚೀಲ ಹೊತ್ತ ಹಮಾಲರೂ ಅರೆಗಳಿಗೆ ನಿಂತರು.

ಸುಗ್ಗಿಯಲ್ಲಿ ಬ್ಯಾಡಗಿಯ ಗಾಳಿ ಹೇಗಿರುತ್ತದೆ ಅಂತ ಬ್ಯಾಡಗಿಯವರಿಗೆ ಹೇಳಬೇಕಾಗಿಲ್ಲ. ಊರಿಗೆ ಊರೇ ಸೀನುತ್ತದೆ. ಹೊರಗಿನಿಂದ ಬಂದವರ ಕಣ್ಣಲ್ಲಿ ನೀರು ಕಂಡರೆ ಯಾಕೆಂದು ಯಾರೂ ಕೇಳುವುದಿಲ್ಲ. ಗೇಟಿನ ಆಚೆ ನಿಂತವನ ಕಣ್ಣು ತುಂಬಿದ್ದು ಮೆಣಸಿನಕಾಯಿ ಘಾಟಿಗೋ, ಒಂದು ವರ್ಷದ ಮೇಲೆ ಅವಳ ಮುಖ ಕಂಡದ್ದಕ್ಕೋ... ಅದನ್ನೂ ಯಾರೂ ಕೇಳಲಿಲ್ಲ.

ಸಿದ್ದಲಿಂಗೇಶ ಇಳಿದುಹೋಗಿದ್ದ. ಅಂಗಿ ಹೆಗಲ ಮೇಲೆ ಜೋಲುತ್ತಿತ್ತು. ಕೈಯಲ್ಲಿ ಅದೇ ಹಳೆಯ ನೀಲಿ ಬ್ಯಾಗು.

"ಯಾರ ಕರದ್ರು ನಿಮ್ಮನ್ನ?" ಅಂದಳು ಅರುಣಾ.

"ಸಾವ್ಕಾರ್ರು ಫೋನ್ ಮಾಡಿದ್ರು. ಲಿಸನರ್ ಏಳವಲ್ದು ಅಂತ..."

"ಅದನ್ನ ಎಬ್ಬಸಾಕ ನೀವ ಬೇಕಾತೇನು? ನಮ್ಮಪ್ಪನ್ನ ತಿಂದದ್ದು ಸಾಲಲಿಲ್ಲೇನು? ಇನ್ನ ಯಾರನ್ನ ತಿನ್ನಾಕ ಬಂದೀರಿ?"

ಅವನು ತಲೆ ತಗ್ಗಿಸಿದ. ಒಂದು ಮಾತೂ ಆಡಲಿಲ್ಲ.

ಅರುಣಾಗೆ ಮೈಯೆಲ್ಲ ಉರಿದದ್ದು ಅದಕ್ಕೇ! ಬೈದರೆ ತಿರುಗಿ ಬೈಯಬೇಕು, ಇಲ್ಲವೇ 'ನನ್ನ ತಪ್ಪಲ್ಲ' ಅನ್ನಬೇಕು. ಈ ಮನುಷ್ಯ ಆವತ್ತೂ ಹೀಗೇ ನಿಂತಿದ್ದ. ಅಪ್ಪನ ಹೆಣದ ಮುಂದೆ, ಅಷ್ಟು ಜನರ ಎದುರು, ಕೈ ಜೋಡಿಸಿ ಒಂದೇ ಮಾತು ಹೇಳಿದ್ದ. "ಲಿಸನರ್ ನಿಂತಿತ್ತು. ನಂದ ತಪ್ಪು."

"ಅರುಣವ್ವಾ, ಬಿಡವಾ ಒಳಗ." ಕೋಲ್ಡ್ ಸ್ಟೋರೇಜಿನ ಮಾಲಕ ಪ್ರಭುಲಿಂಗಪ್ಪ ಆಫೀಸಿನ ಮೆಟ್ಟಿಲಿಳಿದು ಬಂದರು. "ಹುಬ್ಬಳ್ಳಿಯಿಂದ ಬಂದ ಹುಡುಗೂರು ಮುಂಜಾನಿಂದ ಕುಂತ್ರು, ಆಗಲಿಲ್ಲ. ಆ ಮಷಿನ್ನಿನ ದೊಡ್ಡ ಪಾಸ್‌ವರ್ಡ್ ಇವಗೊಬ್ಬಗ ಗೊತ್ತು. ಲಾರಿ ಸ್ಟೇಶನ್ನಿನ ತನಕ ಹಚ್ಚ್ಯಾವ. ನಾ ಏನ್ಮಾಡ್ಲಿ, ಹೇಳು?"

"ಸಾವ್ಕಾರ್ರ, ಸೈರನ್ ಇಲ್ಲದ ಚೇಂಬರಿಗೆ ಮಂದೀನ್ನ ಬಿಡಬ್ಯಾಡ್ರಿ ಅಂತ ಮುಂಜಾನಿಂದ ಬಡ್ಕೊಳ್ಳಾಕತ್ತೇನಿ."

"ಅದಕ್ಕ ಇವನ್ನ ಕರಸೇನಿ ನೋಡವಾ."

ಸರಪಳಿ ಅವಳ ಕೈಯಿಂದ ತಾನೇ ಜಾರಿತು.

* * *

ಲಿಸನರ್ ಅಂದರೆ ಏನು ಅಂತ ಅರುಣಾಗೆ ಮೊದಲು ಹೇಳಿಕೊಟ್ಟವನು ಇವನೇ.

ಎರಡು ವರ್ಷದ ಹಿಂದೆ, ಅವಳು ಚೀಟಿ ಬರೆಯುವ ಇದೇ ಆಫೀಸಿನಲ್ಲಿ. ಎಂಟು ಚೇಂಬರುಗಳಲ್ಲಿ ಎಂಟು ಪುಟ್ಟ ಪೆಟ್ಟಿಗೆ ಹಚ್ಚಿದ್ದ. ಒಳಗೆ ಎಷ್ಟು ತಂಪಿದೆ, ಪೈಪಿನಿಂದ ಅಮೋನಿಯಾ ಗ್ಯಾಸು ಸೋರುತ್ತಿದೆಯೋ ಹೇಗೆ ಅಂತ ಅವು ನಿಮಿಷಕ್ಕೊಮ್ಮೆ ಆಫೀಸಿನ ಕಂಪ್ಯೂಟರಿಗೆ ಮೆಸೇಜು ಕಳಿಸುತ್ತಿದ್ದವು.

"ಕಂಪ್ಯೂಟರಿಗೆ ಸಾವಿರಾರು ಬಾಗಲಾ ಇರತಾವು ಅಂತ ತಿಳ್ಕೋ," ಅಂದಿದ್ದ. "ಒಂದೊಂದಕ್ಕ ಒಂದೊಂದ ನಂಬರು. ನಮ್ಮ ಮೆಸೇಜು ಬರೂದು ಒಂದ ಬಾಗಲಕ್ಕ. ಅಲ್ಲಿ ಒಬ್ಬಾಂವ ಕಿವಿ ಕೊಟ್ಟು ಕುಂತಿರತಾನ. ಅವನೇ ಲಿಸನರ್. ಅಂವ ಎದ್ದ ಹೋದ್ನಂದ್ರ, ಪೆಟ್ಟಿಗಿ ಎಷ್ಟ ಒದರಿದ್ರೂ ಕೇಳಾವ್ರಿಲ್ಲ, ಸೈರನ್ ಆಗೂದಿಲ್ಲ."

"ಪಾಪ! ಅವಗ ಉಣ್ಣಾಕರೆ ಬಿಡತೀರೋ ಇಲ್ಲೋ?" ಅಂತ ನಕ್ಕಿದ್ದಳು ಅರುಣಾ.

ಅವನೂ ನಕ್ಕಿದ್ದ. ಮರುದಿನ ತನ್ನ ಊರು ಮೇಡ್ಲೇರಿಯಿಂದ ಅವ್ವ ಕಟ್ಟಿಕೊಟ್ಟ ರೊಟ್ಟಿ ಬುತ್ತಿಯನ್ನು ಬಿಚ್ಚಿ ಅವಳ ಮೇಜಿನ ಮೇಲಿಟ್ಟಿದ್ದ. ಅಲ್ಲಿಂದ ಶುರುವಾದದ್ದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಅವಳ ಅಪ್ಪ ಲಕ್ಷ್ಮಪ್ಪನಿಗೆ ಅವರಿಬ್ಬರಿಗಿಂತ ಮೊದಲೇ ಗೊತ್ತಾಗಿತ್ತು. ಲಕ್ಷ್ಮಪ್ಪ ಇಪ್ಪತ್ತೆರಡು ವರ್ಷದಿಂದ ಅಲ್ಲಿ ಮಷಿನ್ ಆಪರೇಟರ್. ಮಾತು ಕಡಿಮೆ. "ಹುಡುಗ ಛಲೋ ಅದಾನ. ಆದ್ರ ಭಾಳ ಸಣ್ಣ ದನಿಲೆ ಮಾತಾಡ್ತಾನ, ನನಗ ಕೇಳಸಂಗಿಲ್ಲ," ಅಂತ ಒಮ್ಮೆ ಮಗಳ ಮುಂದೆ ಅಂದು, ಬೀಡಿ ಹಚ್ಚಿಕೊಂಡು ಹೊರಗೆ ಹೋಗಿದ್ದ. ಅಷ್ಟರಲ್ಲೇ ಒಪ್ಪಿಗೆ ಇತ್ತು.

ಆಮೇಲೆ ಆ ಶಿವರಾತ್ರಿ ಅಮಾವಾಸ್ಯೆ ಬಂತು.

ಮಧ್ಯಾಹ್ನ ನಾಲ್ಕನೇ ಚೇಂಬರಿನಲ್ಲಿ ಅಮೋನಿಯಾ ಪೈಪಿನ ಜೋಡಣೆ ಒಡೆಯಿತು. ಸೈರನ್ ಆಗಲಿಲ್ಲ. ಆಗಿದ್ದರೆ ಲಕ್ಷ್ಮಪ್ಪ ಆ ಬಾಗಿಲಿಗೆ ಕೈ ಹಚ್ಚುತ್ತಲೇ ಇರಲಿಲ್ಲ. ಬೇರೆಯವರಾಗಿದ್ದರೆ ವಾಸನೆಗೆ ಹಿಂದೆ ಸರಿಯುತ್ತಿದ್ದರು. ಇಪ್ಪತ್ತೆರಡು ಸುಗ್ಗಿಯ ಘಾಟು ಕುಡಿದು ಅವನ ಮೂಗು ಸತ್ತೇ ಹೋಗಿತ್ತು. ಬಾಗಿಲು ತೆಗೆದ, ಒಳಗೆ ಹೋದ, ಹತ್ತು ಹೆಜ್ಜೆಯನ್ನೂ ಹಾಕಲಾಗಲಿಲ್ಲ.

ಹೊರಗೆ ತಂದಾಗ ಅವನ ಕಣ್ಣು ತೆರೆದೇ ಇದ್ದವು. ಆ ಕಣ್ಣು ಯಾವ ಬಣ್ಣಕ್ಕೆ ತಿರುಗಿದ್ದವು ಅನ್ನುವುದನ್ನು ಅರುಣಾ ಇವತ್ತಿನವರೆಗೂ ಅವ್ವನಿಗೆ ಹೇಳಿಲ್ಲ.

ಆ ದಿನದಿಂದ ಅವಳು ಎರಡು ಶಪಥ ಮಾಡಿದ್ದಳು. ಒಂದು, ಸಿದ್ದಲಿಂಗೇಶನ ಮುಖ ನೋಡಬಾರದು. ಇನ್ನೊಂದು, ಆ ಲಿಸನರ್ ಇನ್ನೊಮ್ಮೆ ನಿಲ್ಲಬಾರದು. ದಿನಾ ಮುಂಜಾನೆ ಹತ್ತಕ್ಕೆ ನಾಲ್ಕನೇ ಚೇಂಬರಿನ ಬಾಗಿಲ ಹೊರಗಿನ ಗುಂಡಿ ಒತ್ತಿ, ಪರೀಕ್ಷೆಯ ಮೆಸೇಜನ್ನು ತನ್ನ ಹೆಸರಿನಲ್ಲಿ ಕಳಿಸುತ್ತಿದ್ದಳು. ಸೈರನ್ ಒಮ್ಮೆ ಕೂಗಿದ ಮೇಲೆಯೇ ಹಮಾಲರು ಒಳಗೆ ಹೋಗಬೇಕು.

ನಾಳೆ ಮತ್ತೆ ಶಿವರಾತ್ರಿ ಅಮಾವಾಸ್ಯೆ. ನಾಳೆಗೆ ವರ್ಷ.

ಇವತ್ತು ಹತ್ತಕ್ಕೆ ಗುಂಡಿ ಒತ್ತಿದಾಗ ಸೈರನ್ ಕೂಗಿರಲಿಲ್ಲ!

* * *

"ಏನೇನ ಮಾಡಿ ನೋಡೀರಿ?" ಕುರ್ಚಿಯ ತುದಿಯಲ್ಲಿ ಕೂತು ಸಿದ್ದಲಿಂಗೇಶ ಕೇಳಿದ.

'ನೀವು' ಅಂದ. ಮೊದಲಾದರೆ 'ನೀ' ಅನ್ನುತ್ತಿದ್ದ. ಅರುಣಾ ಅದನ್ನು ಗಮನಿಸಿದಳು, ಗಮನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟಾದಳು.

"ಮುಂಜಾನೆ ಎಂಟಕ್ಕ ಹುಬ್ಬಳ್ಳಿ ಹುಡುಗೂರು ಹಳೇ ಲಿಸನರ್ ತಗದ್ರು, ಹೊಸಾದು ಹಾಕಿದ್ರು. ಸೈರನ್ನಿನ ವೈರು ಹೊಸಾದಕ್ಕ ಕೂಡಿಸಿದ್ರು. ಮೆಸೇಜಿನ ಸರ್ವರ್ ಚಾಲೂ ಐತಿ, ಆದ್ರ ಲಿಸನರ್ ಏಳವಲ್ದು. ಬಾಗಲದ ನಂಬರು ನೋಡೇನಿ, ಬರೊಬ್ಬರಿ ಐತಿ. ಮೂರ ಸಲಾ ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದ್ರೂ ಅದ ಮಾತು. 'ಈ ಬಾಗಲದಾಗ ಆಗಲೇ ಯಾರೋ ಅದಾರ' ಅಂತೈತಿ. ಯಾರದಾರ ಅಂತ ನೋಡಾಕ ಹೋದ್ರ ದೊಡ್ಡ ಪಾಸ್‌ವರ್ಡ್ ಕೇಳತೈತಿ."

ಅವನ ಮುಖದ ಮೇಲೆ ಏನೋ ಸುಳಿದು ಹೋಯಿತು. ಹೆಮ್ಮೆಯೋ, ನೋವೋ.

"ಎಲ್ಲಾ ಸರಿ ನೋಡೀರಿ. ಇದನ್ನೆಲ್ಲಾ ಯಾವಾಗ ಕಲತ್ರಿ?"

"ಅಪ್ಪ ಸತ್ತ ಮ್ಯಾಲ."

ಪರದೆಯ ಮೇಲೆ ಕರ್ಸರ್ ಮಿಣುಕುತ್ತಿತ್ತು. ಗೋಡೆಯ ಮೇಲೆ ಲಕ್ಷ್ಮಪ್ಪನ ಫೋಟೋ, ಅದಕ್ಕೆ ಇವತ್ತು ಬೆಳಿಗ್ಗೆ ಅರುಣಾ ಹಾಕಿದ ಸೇವಂತಿಗೆ ಹಾರ.

"ನೀವು ಒಂದ ಹತ್ತ ನಿಮಿಷ ಹೊರಗ ಕುಂದರ್ರಿ," ಅಂದ ಸಿದ್ದಲಿಂಗೇಶ. ದನಿ ಎಂದಿನಂತೆ ಸಣ್ಣದು.

"ಯಾಕ?"

"ಪಾಸ್‌ವರ್ಡ್ ಹಾಕೂದೈತಿ."

"ಹಾಕ್ರಿ. ನಾ ಕಣ್ಣ ಮುಚ್ಕೋತೇನಿ."

"ಅರುಣಾ... ಹೊರಗ ಹೋಗ್ರಿ, ಪ್ಲೀಸ್."

ಅವಳು ಎದ್ದಳು. ಬಾಗಿಲು ಎಳೆದುಕೊಂಡು ಹೊರಗೆ ಹೋದಳು. ಆದರೆ ಅರುಣಾ ಲಕ್ಷ್ಮಪ್ಪನ ಮಗಳು. ಮಷಿನ್ನು ಸದ್ದು ಬದಲಿಸಿದರೆ ನಿದ್ದೆಯಲ್ಲೂ ಎದ್ದು ಕೂರುವವನ ಮಗಳು! ಹೊರಗೆ ಹೋಗು ಅಂದರೆ ಹೋಗಿ ಬೇವಿನ ಗಿಡದ ಕೆಳಗೆ ಕೂರುವವಳಲ್ಲ. ಕಿಟಕಿಯ ಗಾಜಿಗೆ ಹಣೆ ಹಚ್ಚಿ ನಿಂತಳು.

ಅವನ ಬೆರಳು ಓಡುತ್ತಿದ್ದವು. ಒಂದು ಪಟ್ಟಿ ತೆರೆಯಿತು. ಪಟ್ಟಿಯೊಳಗೆ ಒಂದು ಫೋಲ್ಡರು. ಫೋಲ್ಡರಿನಲ್ಲಿ ಒಂದೇ ಒಂದು ಫೈಲು. ಅದರ ಹೆಸರಿನಲ್ಲಿದ್ದ ತಾರೀಖು ಗಾಜಿನ ಆಚೆಯಿಂದಲೂ ಅವಳಿಗೆ ಕಂಡಿತು.

ಅಪ್ಪ ಸತ್ತ ತಾರೀಖು.

ಅವನು ಆ ಫೈಲನ್ನು ಆರಿಸಿದ. ಬೆರಳು ಡಿಲೀಟ್ ಗುಂಡಿಯ ಮೇಲೆ ಹೋಗಿ ನಿಂತಿತು.

*ಸಾಕ್ಷಿ ಅಳಿಸಾಕ ಬಂದಾನ! ಒಂದ ವರ್ಷ ಆದ ಮ್ಯಾಲ, ಕಳ್ಳನಂಗ...*

ಬಾಗಿಲು ಗೋಡೆಗೆ ಬಡಿಯಿತು. ಅವನು ಬೆಚ್ಚಿ ತಿರುಗುವುದರೊಳಗೆ ಅರುಣಾ ಕೀಬೋರ್ಡನ್ನೇ ಕಿತ್ತುಕೊಂಡಿದ್ದಳು.

"ಎದ್ದೇಳ್ರಿ ಮ್ಯಾಲ!"

"ಬ್ಯಾಡ ಅರುಣಾ... ನಿನ್ನ ಕಾಲಿಗೆ ಬೀಳ್ತೇನಿ, ಅದನ್ನ ತಗೀಬ್ಯಾಡ."

"ಈಗ 'ನೀ' ಆದ್ನೇನು ನಾನು? ಸರೀರಿ ಕಡೀಗೆ!"

ಫೈಲು ತೆರೆಯಿತು. ಇಂಗ್ಲಿಷಿನ ಸಣ್ಣ ಸಣ್ಣ ಸಾಲುಗಳು. ಆ ದಿನ ಮುಂಜಾನೆಯಿಂದ ಲಿಸನರ್ ಮಾಡಿದ ಕೆಲಸದ ದಿನಚರಿ. ಒಂಬತ್ತು ಗಂಟೆಗೆ ಚಾಲೂ ಆಗಿದೆ. ನಿಮಿಷ ನಿಮಿಷಕ್ಕೂ ಎಂಟು ಚೇಂಬರಿನ ಮೆಸೇಜು ಬಂದಿದೆ. ಸರಿ, ಸರಿ, ಸರಿ... ಹನ್ನೊಂದು ಗಂಟೆ ಎಂಟು ನಿಮಿಷದವರೆಗೆ.

ಕೊನೆಯ ಸಾಲು ಹೀಗಿತ್ತು. ಕಿಟಕಿಯನ್ನು ಕೈಯಿಂದ ಮುಚ್ಚಲಾಗಿದೆ. ಲಿಸನರ್ ನಿಂತಿದೆ. ಬಳಕೆದಾರರು, ಅರುಣಾ.

ಅವಳು ಅದನ್ನು ಓದಿದಳು. ಮತ್ತೆ ಓದಿದಳು. ಮೂರನೆಯ ಸಲ ಓದುವಾಗ ಆ ಮುಂಜಾನೆ ಅವಳ ಕಣ್ಣ ಮುಂದೆ ಬಂದು ನಿಂತಿತು.

ಅಮಾವಾಸ್ಯೆ ಪೂಜೆ. ತಿಂಗಳಿಗೊಮ್ಮೆ ತಕ್ಕಡಿ, ಮಷಿನ್ನು, ಕಂಪ್ಯೂಟರು ಎಲ್ಲಕ್ಕೂ ಅರಿಸಿನ ಕುಂಕುಮ, ನಿಂಬೆಹಣ್ಣು, ಕಾಯಿ. ಪರದೆಯ ಮೇಲೆ ಯಾವಾಗಲೂ ಒಂದು ಕಪ್ಪು ಕಿಟಕಿ ತೆರೆದಿರುತ್ತಿತ್ತು, ಅದರಲ್ಲಿ ಬಿಳಿ ಅಕ್ಷರ ಓಡುತ್ತಿದ್ದವು. ಆರತಿ ತಟ್ಟೆ ಹಿಡಿದು ಬಂದ ಅಪ್ಪ ಅದನ್ನು ನೋಡಿ ಮುಖ ಸಿಂಡರಿಸಿದ್ದ.

"ದೀಪದ ಮುಂದ ಆ ಕರೀದು ಬ್ಯಾಡವಾ. ಅಮಾಸಿ ಐತಿ. ಕದರಮಂಡಲಗಿ ಹಣಮಪ್ಪನ ಫೋಟೋ ಹಚ್ಚು."

ಅವಳು ಮೂಲೆಯ ಗುರುತು ಒತ್ತಿ ಕಪ್ಪು ಕಿಟಕಿಯನ್ನು ಮುಚ್ಚಿದ್ದಳು. ಹಣಮಪ್ಪನ ಫೋಟೋ ಹಚ್ಚಿದ್ದಳು. ಅಪ್ಪ ಆರತಿ ಬೆಳಗಿ, ಅವಳ ಹಣೆಗೂ ಒಂದು ಬೊಟ್ಟು ಕುಂಕುಮ ಹಚ್ಚಿದ್ದ. ಆಮೇಲೆ ಪ್ರಸಾದ ಹಂಚಿ, ಚೀಟಿ ಬರೆದು, ಅಷ್ಟರಲ್ಲಿ ಅದನ್ನು ಪೂರಾ ಮರೆತಿದ್ದಳು. ಒಂದು ಕ್ಲಿಕ್ಕು. ಅದನ್ನು ಯಾರು ನೆನಪಿಡುತ್ತಾರೆ?

ಆ ಕಪ್ಪು ಕಿಟಕಿಯೇ ಲಿಸನರ್ ಆಗಿತ್ತು.

"ನಾ... ನಾನ... ನಾನ ಮುಚ್ಚಿದ್ದು?"

ಸಿದ್ದಲಿಂಗೇಶ ಗೋಡೆಗೆ ಆನಿಕೊಂಡು ನೆಲದ ಮೇಲೆ ಕೂತಿದ್ದ.

"ನಮ್ಮಪ್ಪನ್ನ ನಾನ..."

"ಇಲ್ಲ! ಆ ಮಾತ ಬಾಯಾಗಿಂದ ಹೊರಡಸಬ್ಯಾಡ ಅರುಣಾ. ಒಂದ ಕ್ಲಿಕ್ಕಿಗೆ ಸಾಯೂವಂಥಾ ಲಿಸನರ್ ಇಟ್ಟಾಂವ ನಾನು. ಅದನ್ನ ಕಿಡಕಿ ಇಲ್ಲದಂಗ, ಒಳಗಿಂದೊಳಗ ನಡಿಯೂ ಹಂಗ ಮಾಡಬೇಕಾಗಿತ್ತು. ನಾಳೆ ಮಾಡೂಣು, ನಾಡದು ಮಾಡೂಣು ಅಂತ ಆರ ತಿಂಗಳ ದೂಡಿದೆ. ಮುಚ್ಚಬ್ಯಾಡ್ರಿ ಅಂತ ಒಂದ ಚೀಟಿನೂ ಅಂಟಿಸಿದ್ದಿಲ್ಲ. 'ನಂದ ತಪ್ಪು' ಅಂದಿದ್ದು ಸುಳ್ಳಲ್ಲ. ಖರೇನ ನಂದು."

"ಮತ್ತ ಇದನ್ನ ಯಾಕ ಮುಚ್ಚಿಟ್ರಿ?"

"ಹೆಂಗ ತೋರಸ್ಲಿ? ಅಪ್ಪನ ಹೆಣದ ಮುಂದ ಕುಂತಾಕಿಗೆ, 'ನೋಡು, ನಿನ್ನ ಕೈ' ಅಂತ ಹೆಂಗ ಹೇಳ್ಲಿ? ನೀ ನನ್ನ ಬೈದಿ. ಬೈಲಿ, ಅಂದೆ. ನನ್ನ ಬೈಕೋಂತರೆ ಬದುಕಿರತಾಳ. ತನ್ನ ತಾನ ಬೈಕೊಳ್ಳಾಕ ನಿಂತ್ರ ಉಳಿಯೂದಿಲ್ಲ ಅನಸ್ತು."

ಅರುಣಾ ಮೇಜಿಗೆ ತಲೆ ಹಚ್ಚಿದಳು. ಅಳು ಬರಲಿಲ್ಲ. ಅಳು ಬಂದಿದ್ದರೆ ಎಷ್ಟೋ ಚಲೋ ಇತ್ತು.

ಒಂದು ವರ್ಷ! ಒಂದು ವರ್ಷ ಇವನ ಹೆಸರು ಹೇಳಿ ಶಪಿಸಿದ್ದಳು. ಇವನ ಕೆಲಸ ಹೋಯಿತು ಅಂತ ಕೇಳಿ, 'ಆಗಲಿ' ಅಂದಿದ್ದಳು. ರಾಣೆಬೆನ್ನೂರಿನಲ್ಲಿ ಯಾವುದೋ ಬೀಜದ ಗೋಡೌನಿನಲ್ಲಿ ಕಂಪ್ಯೂಟರು ಒರೆಸಿಕೊಂಡಿದ್ದಾನೆ ಅಂತ ಕೇಳಿ, 'ಇನ್ನೂ ಆಗಬೇಕು' ಅಂದಿದ್ದಳು.

"ಆವತ್ತ ಅಳಿಸಬೇಕಿತ್ತು," ಅಂದಳು, ತಲೆ ಎತ್ತದೆ. "ಇವತ್ತಿನ ತನಕ ಯಾಕ ಇಟ್ರಿ?"

"ಕೈ ಬರಲಿಲ್ಲ. ಅದು ಅಪ್ಪಾರ ಕಡೀ ದಿನದ ಲೆಕ್ಕ. ಅಳಿಸಿದ್ರ ನಾ ಖರೇನ ಕಳ್ಳ ಆಗತಿದ್ದೆ."

"ಈಗ?"

"ಈಗ ಪಾಸ್‌ವರ್ಡ್ ಕೊಡಬೇಕು, ಹೊಸಬರು ಇದನ್ನೆಲ್ಲಾ ಕೆದಕತಾರ. ಅವರ ಬಾಯಿಲೆ ನಿನಗ ಗೊತ್ತಾಗಬಾರದಾಗಿತ್ತು."

* * *

ಕಿಟಕಿಯ ಆಚೆ ಕೊಟ್ರಪ್ಪ ಕಾಕಾನ ದನಿ ಕೇಳಿತು. ಲಕ್ಷ್ಮಪ್ಪನ ಜಾಗಕ್ಕೆ ಬಂದ ಆಪರೇಟರ್ ಅವನು. "ಲಗೂ ಲಗೂ ನಡೀರೋ! ನಾಲ್ಕನೇದರಾಗ ಇನ್ನ ಎರಡ ಲಾರಿ ಮಾಲ ಇಳೀಬೇಕು!"

ನಾಲ್ಕನೇದು.

ಅರುಣಾ ತಟ್ಟನೆ ತಲೆ ಎತ್ತಿದಳು. ಕಣ್ಣು ಕೆಂಡವಾಗಿದ್ದವು. ಆದರೆ ಕೇಳಿದ ಪ್ರಶ್ನೆ ಮಾತ್ರ ಕೆಲಸದವಳದು.

"ಬಾಗಲದಾಗ ಯಾರದಾರ? ಮೊದಲ ಅದನ್ನ ಹೇಳ್ರಿ."

ಸಿದ್ದಲಿಂಗೇಶ ನೆಲದಿಂದ ಎದ್ದ.

"ನಾನ."

"ಅಂದ್ರ?"

"ಹೋಗೂಕಿಂತ ಮೊದಲ ಒಂದ ಸಣ್ಣ ಕಾವಲುಗಾರನ್ನ ಬರದಿಟ್ಟ ಹೋದೆ. ಅದಕ್ಕ ಕಿಡಕಿ ಇಲ್ಲ, ಯಾರಿಗೂ ಕಾಣಸೂದಿಲ್ಲ. ಲಿಸನರ್ ಎದ್ದ ಹೋದ ಕೂಡ್ಲೆ ಅದು ಹೋಗಿ ಆ ಬಾಗಲದಾಗ ಕುಂದರತೈತಿ. ಇನ್ನೊಮ್ಮೆ ಯಾರರೆ ಕಿಡಕಿ ಮುಚ್ಚಿದ್ರ ಬಾಗಲ ಖಾಲಿ ಬೀಳಬಾರದು ಅಂತ. ಮುಂಜಾನೆ ಅವರು ಹಳೇ ಲಿಸನರ್ ತಗದ್ರಲ್ಲ, ಆಗ ಇದು ಹೋಗಿ ಕುಂತೈತಿ. ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದ್ರ ಎಲ್ಲಾರಕಿಂತ ಮೊದಲ ಇದ ಏಳತೈತಿ. ಅದಕ್ಕ ಹೊಸಾದಕ್ಕ ಜಾಗಾ ಸಿಗವಲ್ದು."

"ಅದು ಕುಂತಿದ್ರ ಸೈರನ್ ಯಾಕ ಆಗವಲ್ದು?"

"ಸೈರನ್ನಿನ ವೈರು ಈಗ ಹೊಸಾದರ ಕಡೆ ಹೋಗೈತಲ್ಲ. ಇದು ಕೇಳಿದ್ದನ್ನ ನನ್ನ ಫೋನಿಗಷ್ಟ ಹೇಳತೈತಿ."

"ನಿಮ್ಮ... ಫೋನಿಗೆ?"

ಅವನು ಸಂಕೋಚದಿಂದ ಜೇಬಿನೊಳಗಿನ ಫೋನು ತೆಗೆದು ಮೇಜಿನ ಮೇಲಿಟ್ಟ. ಗಾಜು ಒಡೆದ ಹಳೆಯ ಫೋನು. ಅದರಲ್ಲಿ ಸಾಲು ಸಾಲು ಮೆಸೇಜು. ಇವತ್ತಿನವು, ನಿನ್ನೆಯವು, ಹೋದ ತಿಂಗಳಿನವು. ಅರುಣಾ ಮೇಲಕ್ಕೆ ಸರಿಸುತ್ತ ಹೋದಳು. ಅದು ಮುಗಿಯಲೇ ಇಲ್ಲ.

ನಾಲ್ಕನೇ ಚೇಂಬರ್, ಸರಿ ಐತಿ. ನಾಲ್ಕನೇ ಚೇಂಬರ್, ಸರಿ ಐತಿ. ನಾಲ್ಕನೇ ಚೇಂಬರ್, ಪರೀಕ್ಷೆ. ಕಳಿಸಿದವರು, ಅರುಣಾ.

"ಹಳೇ ಲಿಸನರ್ ಇದ್ದಾಗೂ ಒಂದ ಪ್ರತಿ ನನಗ ಬರತಿತ್ತು," ಅಂದ. "ದಿನಾ ಹತ್ತಕ್ಕ ನಿನ್ನ ಹೆಸರ ಬರತಿತ್ತು. ಆಕಿ ಕೆಲಸಕ್ಕ ಬಂದ್ಲು, ಆರಾಮ ಅದಾಳ ಅಂತ ತಿಳ್ಕೋತಿದ್ದೆ. ಕಾರ್ತೀಕದಾಗ ಮೂರ ದಿನ ಬರಲಿಲ್ಲ. ನಾಕನೇ ದಿನ ತಡಕೊಳ್ಳಾಕ ಆಗಲಿಲ್ಲ. ರೈಲ ಹತ್ತಿ ಬಂದು ಸ್ಟೇಶನ್ನಿನಾಗ ಕುಂತೆ. ಮೆಣಸಿನಕಾಯಿ ತೊಟ್ಟು ಬಿಡಸೂ ಮೈಮುನಾಬಿ ಬಂದ್ಲು, ನಿನಗ ಜ್ವರ ಅಂತ ಹೇಳಿದ್ಲು. ಗುಳಿಗಿ ಕೊಟ್ಟ ಕಳಿಸಿ ತಿರುಗಿ ಹೋದೆ."

ಆ ಗುಳಿಗೆ! ಮೈಮುನಾಬಿ ತಾನೇ ತಂದದ್ದು ಅಂದಿದ್ದಳಲ್ಲ...

ಈಗ ಅಳು ಬಂತು. ಬಾಯಿಗೆ ಸೆರಗು ತುರುಕಿಕೊಂಡರೂ ನಿಲ್ಲಲಿಲ್ಲ. ಅವನು ಹತ್ತಿರ ಬಂದ. ಆದರೆ ಮುಟ್ಟುವ ಧೈರ್ಯವಾಗದೆ ಕುರ್ಚಿಯ ಬೆನ್ನು ಹಿಡಿದು ನಿಂತ.

"ಇದನ್ನ ತಗದ್ರ," ಅಂದಳು ಬಿಕ್ಕುತ್ತಲೇ, "ಹೊಸಾದು ಏಳೂ ತನಕ ಎಷ್ಟೊತ್ತು ಬಾಗಲ ಖಾಲಿ ಇರತೈತಿ?"

"ಒಂದೆರಡ ನಿಮಿಷ. ಎಡವಟ್ಟಾದ್ರ ಹತ್ತು."

"ಹಂಗಾದ್ರ ಮೊದಲ ಮಂದೀನ್ನ ಹೊರಗ ತಗೀತೇನಿ. ನಾ ಬಂದ ಹೇಳೂ ತನಕ ಮುಟ್ಟಬ್ಯಾಡ್ರಿ."

ಮುಖ ಒರೆಸಿಕೊಂಡು ಅವಳು ಅಂಗಳಕ್ಕೆ ಓಡಿದಳು. ಪ್ರಭುಲಿಂಗಪ್ಪನವರು ಎದುರಿಗೆ ಬಂದರು. ಅವಳ ಮುಖ ನೋಡಿ ದಾರಿ ಬಿಟ್ಟರು. ಎಂಟೂ ಚೇಂಬರಿನ ಬಾಗಿಲಿಗೆ ಹೋಗಿ ಒಬ್ಬೊಬ್ಬರನ್ನೇ ಹೊರಗೆ ಕರೆದಳು. ಕೊಟ್ರಪ್ಪ ಕಾಕಾ ಗೊಣಗಿದ. "ಒಂದೆರಡ ನಿಮಿಷಕ್ಕ ಏನಾಗತೈತಿ ಅರುಣವ್ವಾ?"

"ನಮ್ಮಪ್ಪಗ ಒಂದ ನಿಮಿಷನೂ ಬೇಕಾಗಲಿಲ್ಲ ಕಾಕಾ."

ಕೊಟ್ರಪ್ಪ ಹೊರಗೆ ಬಂದ. ಮೂವತ್ತೊಂದು ಜನ. ಎರಡು ಸಲ ಎಣಿಸಿದಳು. ನಾಲ್ಕನೇ ಚೇಂಬರಿನ ಬಾಗಿಲಿನ ಅಗುಳಿಯನ್ನು ತಾನೇ ಹಾಕಿದಳು. ಆ ತಣ್ಣನೆಯ ಕಬ್ಬಿಣದ ಮೇಲೆ ಅಂಗೈ ಇಟ್ಟು ಒಂದು ಕ್ಷಣ ನಿಂತಳು.

*ಅಪ್ಪಾ... ನಾ ಮುಚ್ಚಿದ್ದೋ. ನೀನ ಹೇಳಿದ್ದಿ, ನಾನ ಮುಚ್ಚಿದ್ದೆ. ನನಗ ಗೊತ್ತಿದ್ದಿಲ್ಲಪಾ...*

ಅಗುಳಿಯನ್ನು ಇನ್ನೊಮ್ಮೆ ಎಳೆದು ನೋಡಿದಳು.

ಅವಳು ಒಳಗೆ ಬಂದು ತಲೆಯಾಡಿಸಿದಳು. ಸಿದ್ದಲಿಂಗೇಶ ಕಾವಲುಗಾರನನ್ನು ನಿಲ್ಲಿಸಿದ. ಮೇಜಿನ ಮೇಲಿದ್ದ ಫೋನಿನ ಸಾಲು ಅಲ್ಲಿಗೇ ನಿಂತಿತು. ಆಮೇಲೆ ಕೀಬೋರ್ಡನ್ನು ಅವಳ ಕಡೆಗೆ ಸರಿಸಿದ.

"ನೀ ಚಾಲೂ ಮಾಡು."

"ನನ್ನ ಕೈಲೆ ಬ್ಯಾಡ." ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ನಿನ್ನ ಕೈಲೇ ಆಗಬೇಕು ಅರುಣಾ. ನೀ ಹೊರಗ ಹೋದಾಗ ಹೊಸಾದನ್ನ ಕಿಡಕಿ ಇಲ್ಲದಂಗ ಮಾಡೇನಿ. ಇದನ್ನ ಯಾರೂ ಮುಚ್ಚಾಕ ಆಗೂದಿಲ್ಲ."

ಅವಳು ಗುಂಡಿ ಒತ್ತಿದಳು. ಒಂದು ಸಾಲು ಬಂತು. ಲಿಸನರ್ ಚಾಲೂ ಆಗಿದೆ. ಒಂದು, ಎರಡು, ಮೂರು... ಎಂಟೂ ಚೇಂಬರುಗಳು ಒಂದೊಂದಾಗಿ ಮಾತಾಡಿದವು.

ಹೊರಗೆ ಹೋಗಿ ನಾಲ್ಕನೇ ಚೇಂಬರಿನ ಪರೀಕ್ಷೆಯ ಗುಂಡಿ ಒತ್ತಿದಳು. ಸೈರನ್ ಕೂಗಿತು! ಹಮಾಲರು ಕಿವಿ ಮುಚ್ಚಿಕೊಂಡರು. ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಹೆಂಗಸರು ಎದ್ದು ನಿಂತರು. ಅರುಣಾ ಮಾತ್ರ ಗುಂಡಿಯಿಂದ ಬೆರಳು ತೆಗೆಯಲಿಲ್ಲ. ಒಂದು ವರ್ಷ ತಡವಾಗಿ ಕೂಗುತ್ತಿದ್ದ ಆ ಸೈರನ್ನಿನ ಕೆಳಗೆ ನಿಂತು, ಯಾರಿಗೂ ಕೇಳಿಸದ ಹಾಗೆ ಜೋರಾಗಿ ಅತ್ತಳು.

* * *

ಅವಳು ಆಫೀಸಿಗೆ ಮರಳಿದಾಗ ಕುರ್ಚಿ ಖಾಲಿಯಿತ್ತು. ನೀಲಿ ಬ್ಯಾಗು ಇರಲಿಲ್ಲ. ಕೀಬೋರ್ಡಿನ ಮೇಲೆ ಒಂದು ಚೀಟಿ. ದೊಡ್ಡ ಪಾಸ್‌ವರ್ಡು, ಅದರ ಕೆಳಗೆ ನಾಲ್ಕೇ ಮಾತು. "ಆ ಫೈಲು ಅಲ್ಲೇ ಐತಿ. ಇಡೂದು, ಅಳಿಸೂದು ನಿನಗ ಬಿಟ್ಟದ್ದು. ಇನ್ನ ಮ್ಯಾಲ ನನಗ ಮೆಸೇಜು ಬರೂದಿಲ್ಲ. ಜ್ವರ ಬಂದ್ರ ಗುಳಿಗಿ ತಗೋ."

ಅರುಣಾ ಕುರ್ಚಿಯಲ್ಲಿ ಕೂತಳು. ಆ ಫೈಲಿನ ಮೇಲೆ ಕಣ್ಣು ನೆಟ್ಟಳು. ಅಳಿಸಲಿಲ್ಲ. ಹಾಗೇ ಬಿಟ್ಟಳು.

ಮನೆಯಲ್ಲಿ ಅವ್ವ ಮೈಲವ್ವ ನಾಳೆಯ ಎಡೆಗೆ ಕಡಬು ಹೂರಣ ಅಂತ ಓಡಾಡುತ್ತಿರುತ್ತಾಳೆ. ನಡುನಡುವೆ ಸಿದ್ದಲಿಂಗೇಶನಿಗೆ ಶಾಪ ಹಾಕುತ್ತಿರುತ್ತಾಳೆ. ಮಗಳು ಕಲಿಸಿದ ಶಾಪವೇ ಅದು. ಆ ಅವ್ವನಿಗೆ ಇವತ್ತು ಹೇಳಬೇಕು. ಹೇಳದೆ ನಾಳೆ ಅಪ್ಪನ ಫೋಟೋದ ಮುಂದೆ ಹೇಗೆ ನಿಲ್ಲುವುದು? ಹೇಳಿದರೆ ಅವ್ವ ಏನಾದಾಳು?

*ನನ್ನೊಬ್ಬಾಕಿ ಕೈಲೆ ಹೇಳಾಕ ಆಗೂದಿಲ್ಲ.*

ತನ್ನ ಫೋನು ತೆಗೆದಳು. ಒಂದು ವರ್ಷದಿಂದ ಬ್ಲಾಕ್ ಮಾಡಿಟ್ಟಿದ್ದ ಹೆಸರನ್ನು ಹುಡುಕಿ ಬ್ಲಾಕ್ ತೆಗೆದಳು. ಏನೇನೋ ಬರೆದು ಅಳಿಸಿದಳು. ಕ್ಷಮಿಸು ಅನ್ನುವ ಮಾತು ಬಹಳ ಸಣ್ಣದಾಯಿತು. ಕೊನೆಗೆ ಕಳಿಸಿದ್ದು ಇಷ್ಟೇ.

"ನಾಲ್ಕನೇ ಚೇಂಬರ್, ಸರಿ ಐತಿ. ಅರುಣಾ, ಸರಿ ಇಲ್ಲ. ಬರ್ರಿ."

ಕಳಿಸಿ ಕಣ್ಣು ಮುಚ್ಚಿದಳು. ಬಸ್ಸು ಹತ್ತಿರಬಹುದು. ಮೋಟೆಬೆನ್ನೂರು ದಾಟಿರಬಹುದು. ಓದಿಯೂ ಸುಮ್ಮನಿರಬಹುದು, ಅದಕ್ಕೂ ಅವನಿಗೆ ಹಕ್ಕಿದೆ...

ಬಾಗಿಲಲ್ಲಿ ಸೀನಿದ ಸದ್ದಾಯಿತು.

ಸಿದ್ದಲಿಂಗೇಶ ಮೂಗು ಒರೆಸಿಕೊಳ್ಳುತ್ತ ನಿಂತಿದ್ದ. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಗಾಜು ಒಡೆದ ಫೋನು.

"ಇಷ್ಟ ಲಗೂ?" ಅಂದಳು.

"ಗೇಟ ದಾಟಿದ್ದಿಲ್ಲ. ಅಲ್ಲೇ ನಿಂತಿದ್ದೆ."

"ಯಾಕ?"

"ಹೋಗಾಕ ಕಾಲ ಬರಲಿಲ್ಲ."

ಅವಳು ಎದ್ದು ಅವನ ಎದುರಿಗೆ ಬಂದಳು. ಆ ಹಾಳು ಕಪ್ಪು ಕಿಟಕಿ ಮುಚ್ಚಿದ ಬಲಗೈಯನ್ನು ಮುಂದೆ ಚಾಚಿದಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಅವ್ವಗ ಹೇಳಬೇಕು. ಇವತ್ತ," ಅಂದಳು. "ಬಡೀಬಹುದು. ಮನಿಯಿಂದ ಹೊರಗ ಹಾಕಬಹುದು."

"ಇಬ್ಬರನ್ನೂ ಹಾಕ್ಲಿ. ಕಿಡಕಿ ಇಟ್ಟಾಂವ ನಾನು ಅಂತ ಮೊದಲ ಹೇಳತೇನಿ."

"ಮುಚ್ಚಿದಾಕಿ ನಾನು ಅಂತ ಆಮ್ಯಾಲ ನಾ ಹೇಳತೇನಿ. ನಡುವ ಬಾಯಿ ಹಾಕಬಾರದು."

"ಇಲ್ಲ."

"ನನ್ನ ಉಳಸಾಕಂತ ಇನ್ನೊಮ್ಮೆ ಏನೂ ಮುಚ್ಚಿಡಬಾರದು."

"ಇಲ್ಲ ಅರುಣಾ."

ಗೋಡೆಯ ಮೇಲಿನ ಲಕ್ಷ್ಮಪ್ಪನ ಫೋಟೋದ ಕಡೆ ಅವಳು ಒಮ್ಮೆ ನೋಡಿದಳು. ಆಮೇಲೆ ಅವನ ಕೈ ಬಿಡದೆ ಬಾಗಿಲ ಕಡೆ ತಿರುಗಿದಳು.

"ಒಂದ ಮಾತು... ಅವ್ವನ ಮುಂದ ಸ್ವಲ್ಪ ಜೋರ ಮಾತಾಡ್ರಿ. ನಿಮ್ಮ ದನಿ ಭಾಳ ಸಣ್ಣದು. ಅಪ್ಪಗ ಕೇಳಸ್ತಿದ್ದಿಲ್ಲ."

"ನಿನಗ ಕೇಳಸತೈತಿ?"

"ಹ್ಞೂಂ. ಈಗ ಕೇಳಸತೈತಿ."